ಓದುಗರ ಪ್ರಶ್ನೆಗೆ ಉತ್ತರ: ಜೀವವನ್ನು ಸುಡದೆ ನೋಡುವ ಬೆಳಕಿನ ಹಾಳೆ

ಕಳೆದ ಸಂಚಿಕೆಯಲ್ಲಿ ಮೀನಿನ ಭ್ರೂಣದ ಬೆಳವಣಿಗೆಯ ಬಗ್ಗೆ ಬರೆಯುವಾಗ, ಅದನ್ನು ಗಂಟೆಗಟ್ಟಲೆ ಚಿತ್ರೀಕರಿಸುವ ‘ಬೆಳಕಿನ ಹಾಳೆ’ ಸೂಕ್ಷ್ಮದರ್ಶಕದ ಹೆಸರನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಆ ಒಂದು ಸಾಲನ್ನು ಹಿಡಿದು ಅನೇಕರು ಪ್ರಶ್ನೆ ಕೇಳಿದ್ದಾರೆ. ಒಂದೇ ಬಗೆಯವುಗಳನ್ನು ಕೂಡಿಸಿ, ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಬೆಳಕು ಹಾಳೆಯಂತಿರುತ್ತದೆ ಎಂದರೆ ಏನರ್ಥ? ಕಾಲೇಜಿನ ಪ್ರಯೋಗಾಲಯದ ಸೂಕ್ಷ್ಮದರ್ಶಕದಲ್ಲೂ ಬೆಳಕಿರುತ್ತದೆ. ಹಾಗಾದರೆ ಇದರ ವಿಶೇಷವೇನು?

ಉತ್ತರ: ಕತ್ತಲೆ ಕೋಣೆಯೊಳಗೆ ಕಿಟಕಿಯ ಸಂದಿಯಿಂದ ಬಿಸಿಲುಕೋಲು ಇಳಿದಿರುವುದನ್ನು ಪಕ್ಕದಲ್ಲಿ ನಿಂತು ನೋಡಿದ್ದೀರಲ್ಲವೇ? ಆ ಕೋಲಿನೊಳಗೆ ಸಿಕ್ಕಿದ ಧೂಳಿನ ಕಣಗಳಷ್ಟೇ ಮಿನುಗುತ್ತವೆ. ಕೋಣೆಯ ಉಳಿದೆಡೆ ಅಷ್ಟೇ ಧೂಳಿದ್ದರೂ ಅದು ಕಣ್ಣಿಗೆ ಬೀಳುವುದಿಲ್ಲ. ಬೆಳಕು ಬರುವ ದಿಕ್ಕು ಒಂದು, ನಾವು ನೋಡುವ ದಿಕ್ಕು ಅದಕ್ಕೆ ಅಡ್ಡವಾದ ಇನ್ನೊಂದು. ಈ ಉಪಕರಣದ ಮೂಲತತ್ತ್ವ ಇಷ್ಟೇ. ಕೋಲಿನ ಬದಲು ಕೆಲವೇ ಮೈಕ್ರೋಮೀಟರ್ ದಪ್ಪದ ಲೇಸರ್ ಬೆಳಕಿನ ಹಾಳೆಯನ್ನು ಭ್ರೂಣದ ಪಕ್ಕದಿಂದ ತೂರಿಸಿ, ಅದಕ್ಕೆ ಲಂಬವಾಗಿ ಇಟ್ಟ ಮಸೂರದಿಂದ ಆ ಒಂದು ಪದರವನ್ನು ಕ್ಯಾಮೆರಾ ಒಮ್ಮೆಲೇ ಸೆರೆಹಿಡಿಯುತ್ತದೆ. ಬಳಿಕ ಭ್ರೂಣವನ್ನೋ ಹಾಳೆಯನ್ನೋ ಸ್ವಲ್ಪ ಸರಿಸಿ ಮುಂದಿನ ಪದರ, ಅದಾದ ಮೇಲೆ ಇನ್ನೊಂದು. ಹೀಗೆ ನೂರಾರು ಪದರಗಳನ್ನು ಪೇರಿಸಿದಾಗ ಮೂರು ಆಯಾಮದ ಚಿತ್ರ ಸಿದ್ಧವಾಗುತ್ತದೆ.

ಧೂಳು ಬೆಳಕನ್ನು ಚದುರಿಸಿ ಕಾಣಿಸಿಕೊಳ್ಳುತ್ತದೆ. ಜೀವಕೋಶಗಳು ಇಲ್ಲಿ ಪ್ರತಿದೀಪ್ತಿಯಿಂದ ಕಾಣಿಸಿಕೊಳ್ಳುತ್ತವೆ. ಕೋಶದೊಳಗೆ ಹೊಳೆಯುವ ಪ್ರೋಟೀನೊಂದನ್ನು ವಂಶವಾಹಿಯ ಮೂಲಕ ಸೇರಿಸಿರುತ್ತಾರೆ. ಅದರ ಮೇಲೆ 488 ನ್ಯಾನೋಮೀಟರ್ ತರಂಗದೂರದ ನೀಲಿ ಬೆಳಕು ಬಿದ್ದರೆ ಅದು ಹಸಿರು ಬೆಳಕನ್ನು ಹೊರಸೂಸುತ್ತದೆ. ಕ್ಯಾಮೆರಾದ ಮುಂದಿರುವ ಶೋಧಕವು ನೀಲಿಯನ್ನು ತಡೆದು ಹಸಿರನ್ನಷ್ಟೇ ಒಳಬಿಡುವುದರಿಂದ, ಕಪ್ಪು ಹಿನ್ನೆಲೆಯಲ್ಲಿ ಆಯ್ದ ಭಾಗಗಳು ಮಾತ್ರ ಬೆಳಗುತ್ತವೆ.

ಸಾಮಾನ್ಯ ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ಬೆಳಕು ಹೋಗುವುದೂ ಬರುವುದೂ ಒಂದೇ ಮಸೂರದಿಂದ. ನಮಗೆ ಬೇಕಾದದ್ದು ಒಂದು ಪದರವಾದರೂ ಅದರ ಮೇಲಿನ, ಕೆಳಗಿನ ಪದರಗಳೆಲ್ಲ ಹೊಳೆದು ಚಿತ್ರವನ್ನು ಮಸುಕಾಗಿಸುತ್ತವೆ. ಕಾನ್‌ಫೋಕಲ್ ಸೂಕ್ಷ್ಮದರ್ಶಕವು ಪುಟ್ಟ ರಂಧ್ರವೊಂದನ್ನು ಅಡ್ಡವಿಟ್ಟು ಈ ಮಸುಕನ್ನು ಹೊರಗಿಡುತ್ತದೆ. ಅದು ದೊಡ್ಡ ಸಾಧನೆಯೇ ಸರಿ, ಆದರೆ ಹೊರಗಿಟ್ಟ ಬೆಳಕು ಅಷ್ಟರಲ್ಲಿ ಜೀವಿಯ ಮೇಲೆ ಬಿದ್ದಾಗಿರುತ್ತದೆ. 100 ಪದರಗಳ ಚಿತ್ರ ಬೇಕೆಂದರೆ, ಪ್ರತಿ ಪದರದ ಸರದಿಯಲ್ಲೂ ಲೇಸರ್ ಇಡೀ ಆಳವನ್ನು ಹಾದುಹೋಗುವುದರಿಂದ, ಪ್ರತಿಯೊಂದು ಕೋಶವೂ ತನ್ನ ಚಿತ್ರಕ್ಕಾಗಿ ಒಂದು ಸಲ, ಬೇರೆಯವರ ಚಿತ್ರಕ್ಕಾಗಿ 99 ಸಲ ಬೆಳಕನ್ನು ತಾಳಿಕೊಳ್ಳಬೇಕು. ಬೆಳಕಿನ ಹಾಳೆಯಲ್ಲಿ ಯಾವ ಪದರದ ಚಿತ್ರ ತೆಗೆಯುತ್ತಿದ್ದೇವೋ ಆ ಪದರಕ್ಕಷ್ಟೇ ಬೆಳಕು ಬೀಳುತ್ತದೆ. ಈ ತಂತ್ರದ ಹಿರಿಮೆಯನ್ನು ನಾನು ಚಿತ್ರದ ಚೆಲುವಿನಲ್ಲಿ ಕಾಣುವುದಿಲ್ಲ, ಈ ಮಿತವ್ಯಯದಲ್ಲಿ ಕಾಣುತ್ತೇನೆ.

ಪ್ರಶ್ನೆ: ಬಿಸಿಲಿನಲ್ಲಿ ಎಲ್ಲ ಜೀವಿಗಳೂ ಬದುಕುತ್ತವೆ. ಸೂಕ್ಷ್ಮದರ್ಶಕದ ಬೆಳಕು ಅಷ್ಟೊಂದು ಹಾನಿ ಮಾಡುವುದೆಂಬುದು ಅತಿಶಯೋಕ್ತಿಯಲ್ಲವೇ?

ಉತ್ತರ: ಅಲ್ಲ, ಲೆಕ್ಕ ಹಾಕಿಯೇ ನೋಡೋಣ. ನಡುಹಗಲಿನ ಬಿಸಿಲು ಪ್ರತಿ ಚದರ ಮೀಟರಿಗೆ ಸುಮಾರು 1,000 ವ್ಯಾಟ್ ಶಕ್ತಿಯನ್ನು ಸುರಿಯುತ್ತದೆ. ಕೇವಲ 1 ಮಿಲಿವ್ಯಾಟಿನ ಲೇಸರನ್ನು ಕಾನ್‌ಫೋಕಲ್ ಉಪಕರಣದಲ್ಲಿ ಅರ್ಧ ಮೈಕ್ರೋಮೀಟರ್ ಅಗಲದ ಚುಕ್ಕಿಯಾಗಿ ಕೂಡಿಸಿದರೆ, ಆ ಚುಕ್ಕಿಯಲ್ಲಿ ಬೆಳಕಿನ ತೀವ್ರತೆ ಪ್ರತಿ ಚದರ ಮೀಟರಿಗೆ ಸುಮಾರು 500 ಕೋಟಿ ವ್ಯಾಟ್ ಆಗುತ್ತದೆ. ಅಂದರೆ ಬಿಸಿಲಿನ 50 ಲಕ್ಷ ಪಟ್ಟು. ಅದೇ 1 ಮಿಲಿವ್ಯಾಟನ್ನು 4 ಮೈಕ್ರೋಮೀಟರ್ ದಪ್ಪ, 500 ಮೈಕ್ರೋಮೀಟರ್ ಅಗಲದ ಹಾಳೆಯಾಗಿ ಹರಡಿದರೆ ತೀವ್ರತೆ ಬಿಸಿಲಿನ ಸುಮಾರು 500 ಪಟ್ಟಿಗೆ ಇಳಿಯುತ್ತದೆ. ಎರಡರ ನಡುವೆ ಹತ್ತು ಸಾವಿರ ಪಟ್ಟು ಅಂತರವಿದೆ.

ಇಲ್ಲೊಂದು ಸೂಕ್ಷ್ಮವನ್ನು ಮುಚ್ಚಿಡಬಾರದು. ಕಾನ್‌ಫೋಕಲ್ ಚುಕ್ಕಿ ಒಂದೊಂದು ಬಿಂದುವಿನಲ್ಲಿ ನಿಲ್ಲುವುದು ಮೈಕ್ರೋಸೆಕೆಂಡಿನ ಆಸುಪಾಸು. ಹಾಳೆಯಾದರೋ ಒಂದು ಪದರವನ್ನು ಹಲವು ಮಿಲಿಸೆಕೆಂಡು ಬೆಳಗುತ್ತದೆ. ಆದ್ದರಿಂದ ಒಂದೇ ಒಂದು ಪದರಕ್ಕೆ ಸಲ್ಲುವ ಒಟ್ಟು ಶಕ್ತಿಯಲ್ಲಿ ಅಂಥ ವ್ಯತ್ಯಾಸವಿಲ್ಲದಿರಬಹುದು. ಉಳಿತಾಯವಾಗುವುದು ಎರಡು ಕಡೆ: ಆ 99 ಅನಗತ್ಯ ಸರದಿಗಳು ತಪ್ಪುತ್ತವೆ, ಮತ್ತು ಕ್ಷಣಿಕ ತೀವ್ರತೆ ಸೌಮ್ಯವಾಗುತ್ತದೆ.

ಹಾನಿಯಾಗುವ ಬಗೆ ಹೀಗೆ. ಬೆಳಕನ್ನು ಹೀರಿ ಉದ್ರೇಕಗೊಂಡ ಅಣು ಕೆಲವೊಮ್ಮೆ ಹೊಳೆಯುವ ಬದಲು ತನ್ನ ಶಕ್ತಿಯನ್ನು ಆಮ್ಲಜನಕಕ್ಕೆ ದಾಟಿಸುತ್ತದೆ. ಅದರಿಂದ ಹುಟ್ಟುವ ಅತಿ ಚುರುಕಾದ ಆಮ್ಲಜನಕ ರೂಪಗಳು ಕೋಶದ ಪೊರೆ, ಪ್ರೋಟೀನು, ಡಿಎನ್‌ಎಗಳನ್ನು ಕೆಡಿಸುತ್ತವೆ. ಹೊಳೆಯುವ ಪ್ರೋಟೀನು ಸಹ ಕ್ರಮೇಣ ಬಿಳುಚಿಕೊಳ್ಳುತ್ತದೆ. ಕೋಶ ತಕ್ಷಣ ಸಾಯದಿರಬಹುದು, ಆದರೆ ವಿಭಜನೆ ತಡವಾಗುತ್ತದೆ ಅಥವಾ ನಡುವೆಯೇ ನಿಂತುಹೋಗುತ್ತದೆ. ಆಗ ನಾವು ದಾಖಲಿಸಿದ್ದು ಸಹಜ ಬೆಳವಣಿಗೆಯನ್ನಲ್ಲ, ನಾವೇ ಕೊಟ್ಟ ಪೆಟ್ಟಿಗೆ ಜೀವಿ ತೋರಿದ ಪ್ರತಿಕ್ರಿಯೆಯನ್ನು. ಚಿತ್ರ ಎಷ್ಟೇ ಸ್ಫುಟವಾಗಿದ್ದರೂ ಅದು ಸುಳ್ಳು ಹೇಳುತ್ತಿರುತ್ತದೆ.

ಪ್ರಶ್ನೆ: ಇದು 2004ರಲ್ಲಿ ಕಂಡುಹಿಡಿದ ತಂತ್ರವೆಂದು ಓದಿದೆ. ನೂರು ವರ್ಷ ಹಳೆಯದೆಂದು ನಮ್ಮ ಅಧ್ಯಾಪಕರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಇಬ್ಬರ ಮಾತೂ ಸರಿ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಯೆನಾ ನಗರದ ಝೈಸ್ ಸಂಸ್ಥೆಯಲ್ಲಿದ್ದ ಭೌತವಿಜ್ಞಾನಿ ಹೆನ್ರಿ ಝೀಡೆನ್‌ಟೋಫ್ ಮತ್ತು ರಸಾಯನವಿಜ್ಞಾನಿ ರಿಚರ್ಡ್ ಜಿಗ್ಮೊಂಡಿ ಸೇರಿ ‘ಅಲ್ಟ್ರಾಮೈಕ್ರೋಸ್ಕೋಪ್’ ಎಂಬ ಉಪಕರಣವನ್ನು ರೂಪಿಸಿದರು. ಕೆಂಪು ಗಾಜಿನೊಳಗೆ ಹುದುಗಿರುವ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಎಟುಕದ ಚಿನ್ನದ ಕಣಗಳನ್ನು ನೋಡುವುದು ಅವರ ಉದ್ದೇಶವಾಗಿತ್ತು. ಸೂರ್ಯನ ಬೆಳಕನ್ನು ಸೀಳುಕಿಂಡಿಯೊಂದರ ಮೂಲಕ ಹಾಯಿಸಿ ಪಕ್ಕದಿಂದ ಬೀಳಿಸಿದಾಗ ಆ ಕಣಗಳು ಕತ್ತಲಲ್ಲಿ ನಕ್ಷತ್ರಗಳಂತೆ ಕಂಡವು. ಕಲಿಲಗಳ, ಅಂದರೆ ಅತಿ ಸಣ್ಣ ಕಣಗಳು ಇನ್ನೊಂದು ವಸ್ತುವಿನಲ್ಲಿ ಹರಡಿರುವ ಮಿಶ್ರಣಗಳ, ಅಧ್ಯಯನಕ್ಕಾಗಿ ಜಿಗ್ಮೊಂಡಿಯವರಿಗೆ 1925ರ ಸಾಲಿನ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು.

ಅನಂತರ ಈ ಉಪಾಯ ಜೀವವಿಜ್ಞಾನದ ಕಡೆಗೆ ಬರಲು ಬಹಳ ಕಾಲ ಹಿಡಿಯಿತು. 1993ರಲ್ಲಿ ಗಿನಿಯಿಲಿಯ ಒಳಕಿವಿಯ ಶಂಖವನ್ನು ರಾಸಾಯನಿಕವಾಗಿ ಪಾರದರ್ಶಕಗೊಳಿಸಿ ಲೇಸರ್ ಹಾಳೆಯಿಂದ ಚಿತ್ರಿಸಿದರು. ಆದರೆ ಅದು ಜೀವವಿಲ್ಲದ ಅಂಗಾಂಶ. 2004ರಲ್ಲಿ ಹೈಡಲ್‌ಬರ್ಗ್‌ನ ಯುರೋಪಿಯನ್ ಅಣುಜೀವವಿಜ್ಞಾನ ಪ್ರಯೋಗಾಲಯದ ಯಾನ್ ಹುಯಿಸ್ಕನ್, ಅರ್ನ್‌ಸ್ಟ್ ಸ್ಟೆಲ್ಟ್ಸರ್ ಮತ್ತು ಸಂಗಡಿಗರು ಜೀವಂತ ಮೆಡಾಕಾ ಮೀನು ಹಾಗೂ ಹಣ್ಣುನೊಣದ ಭ್ರೂಣಗಳನ್ನು ಹೀಗೆ ತೋರಿಸಿದ ಮೇಲೆಯೇ ಜೀವವಿಜ್ಞಾನಿಗಳ ಕಣ್ಣು ತೆರೆದದ್ದು.

ಒಂದು ಒಳ್ಳೆಯ ಉಪಾಯ ಇಷ್ಟು ವರ್ಷ ಏಕೆ ಕಾಯಬೇಕಾಯಿತು ಎಂಬುದು ನನಗೆ ಯಾವಾಗಲೂ ಯೋಚಿಸಬೇಕೆನಿಸುವ ವಿಷಯ. ಹೊಳೆಯುವುದಕ್ಕೆ ಜೀವಂತ ಕೋಶದೊಳಗೆ ಏನಾದರೂ ಇರಬೇಕಿತ್ತು. ಕಡಲಿನ ಲೋಳೆಮೀನೊಂದರಿಂದ ಹಸಿರು ಪ್ರತಿದೀಪ್ತ ಪ್ರೋಟೀನನ್ನು ಒಸಾಮು ಶಿಮೊಮುರಾ 1962ರಲ್ಲೇ ಪ್ರತ್ಯೇಕಿಸಿದ್ದರೂ, ಅದನ್ನು ಬೇರೆ ಜೀವಿಯೊಳಗೆ ಹೊಳೆಯಿಸಬಹುದೆಂದು ಮಾರ್ಟಿನ್ ಚಾಲ್ಫಿ ತೋರಿಸಿದ್ದು 1994ರಲ್ಲಿ. ಜೊತೆಗೆ ಮಂದ ಬೆಳಕನ್ನೂ ಹಿಡಿಯುವ ವೇಗದ ಕ್ಯಾಮೆರಾ, ಪದರಗಳನ್ನು ಪೇರಿಸಬಲ್ಲ ಕಂಪ್ಯೂಟರ್ ಬೇಕಾಗಿದ್ದವು. ಇವೆಲ್ಲ ಒದಗಿದಾಗ ಹಳೆಯ ಉಪಾಯಕ್ಕೆ ಹೊಸ ಜೀವ ಬಂತು.

ಪ್ರಶ್ನೆ: ಜೀವಂತ ಭ್ರೂಣವನ್ನು ಅಲುಗಾಡದಂತೆ ಹಿಡಿದಿಡುವುದು ಹೇಗೆ? ಗಾಜಿನ ಪಟ್ಟಿಯ ಮೇಲೆ ಇಡುವುದಿಲ್ಲವೇ?

ಉತ್ತರ: ಗಾಜಿನ ಪಟ್ಟಿ ಮತ್ತು ಅದರ ಮುಚ್ಚಿಗೆ ಜೀವಿಯನ್ನು ಚಪ್ಪಟೆಯಾಗಿಸುವುದರಿಂದಲೂ, ಎರಡು ದಿಕ್ಕಿನಿಂದ ಮಸೂರಗಳು ಹತ್ತಿರ ಬರಬೇಕಾದದ್ದರಿಂದಲೂ ಇಲ್ಲಿ ಅವು ನಡೆಯುವುದಿಲ್ಲ. ಈ ಸಿದ್ಧತೆಯನ್ನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಕಡಲಪಾಚಿಯಿಂದ ತೆಗೆದ ಅಗರೋಸನ್ನು ನೀರಿನಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಕರಗಿಸಿ, ಭ್ರೂಣ ತಾಳುವಷ್ಟು ತಣಿಸಿಕೊಂಡಿದ್ದರು. ಝೀಬ್ರಾಫಿಶ್‌ನ ಭ್ರೂಣ, ಮುಕ್ಕಾಲು ಮಿಲಿಮೀಟರಿಗೂ ಕಡಿಮೆಯ ಒಂದು ಗುಂಡು, ಆ ದ್ರವದಲ್ಲಿ ನಿಧಾನವಾಗಿ ಮುಳುಗುತ್ತಿತ್ತು. ಸಣ್ಣ ಗಾಜಿನ ನಳಿಕೆಯ ತುದಿಯನ್ನು ಅದರ ಹತ್ತಿರ ತಂದು ಒಳಗಿನ ದಂಡವನ್ನು ಹಿಂದಕ್ಕೆ ಎಳೆದಾಗ, ಭ್ರೂಣ ದ್ರವದೊಡನೆ ಸರ್ರನೆ ಒಳಸೇರಿತು. ಒಂದೆರಡು ನಿಮಿಷದಲ್ಲಿ ಅಗರೋಸ್ ಹೆಪ್ಪುಗಟ್ಟಿತು. ನೀರು ತುಂಬಿದ ಕೋಷ್ಠದೊಳಗೆ ನಳಿಕೆಯನ್ನು ಮೇಲಿನಿಂದ ಇಳಿಬಿಟ್ಟು ದಂಡವನ್ನು ತುಸು ಒತ್ತಿದರೆ, ಕಣ್ಣಿಗೆ ಕಾಣುವುದೋ ಇಲ್ಲವೋ ಎನ್ನುವಂಥ ಪಾರದರ್ಶಕ ಕಡ್ಡಿಯೊಂದು ಹೊರಬಂದು ತೂಗಾಡಿತು. ಅದರ ನಡುವೆ ಭ್ರೂಣ. ಅಗರೋಸಿನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಬಾಗಿಸುವ ಪ್ರಮಾಣ, ನೀರಿನದಕ್ಕೆ ಬಹುಮಟ್ಟಿಗೆ ಸಮವಾಗಿರುವುದರಿಂದ ಬೆಳಕು ಅಲ್ಲಿ ತಿರುಚಿಕೊಳ್ಳುವುದಿಲ್ಲ, ಮತ್ತು ಕಡ್ಡಿಯನ್ನು ತಿರುಗಿಸಿದರೆ ಭ್ರೂಣವನ್ನು ಎಲ್ಲ ಬದಿಯಿಂದಲೂ ನೋಡಬಹುದು.

ಇದರಲ್ಲೂ ಜೀವಿಗೆ ತೊಂದರೆಯಿದೆ ಎಂಬುದನ್ನು ಮರೆಯಬಾರದು. ಬೆಳೆಯುವ ಮೀನಿನ ಬಾಲ ಉದ್ದವಾಗಬೇಕು. ಗಟ್ಟಿ ಅಗರೋಸ್ ಅದನ್ನು ಅದುಮಿ ಡೊಂಕಾಗಿಸುತ್ತದೆ. ಆದ್ದರಿಂದ ದಿನಗಟ್ಟಲೆಯ ಚಿತ್ರೀಕರಣಕ್ಕೆ ನೀರಿನಷ್ಟೇ ವಕ್ರೀಭವನವಿರುವ ತೆಳು ಪ್ಲಾಸ್ಟಿಕ್ ಕೊಳವೆಯೊಳಗೆ, ಬಹಳ ಸಡಿಲವಾದ ಅಗರೋಸಿನಲ್ಲಿ ಭ್ರೂಣವನ್ನು ಇರಿಸುತ್ತಾರೆ. ನೀರಿನ ಉಷ್ಣತೆಯನ್ನು 28.5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯ್ದುಕೊಳ್ಳುತ್ತಾರೆ.

ಪ್ರಶ್ನೆ: ಹಾಳೆಯನ್ನು ಇನ್ನೂ ತೆಳುವಾಗಿಸುತ್ತಾ ಹೋದರೆ ಚಿತ್ರ ಇನ್ನೂ ಸ್ಪಷ್ಟವಾಗುವುದಿಲ್ಲವೇ? ಅಡ್ಡಿ ಏನು?

ಉತ್ತರ: ಬೆಳಕಿನ ಅಲೆಯ ಸ್ವಭಾವವೇ ಅಡ್ಡಿ. ಲೇಸರ್ ಕಿರಣವನ್ನು ಎಷ್ಟು ಬಿಗಿಯಾಗಿ ಕೂಡಿಸುತ್ತೇವೋ ಅಷ್ಟು ಬೇಗ ಅದು ಮತ್ತೆ ಹರಡಿಕೊಳ್ಳುತ್ತದೆ. ನೀರಿನಲ್ಲಿ ನೀಲಿ ಲೇಸರಿನ ಹಾಳೆ 4 ಮೈಕ್ರೋಮೀಟರ್ ದಪ್ಪವಿದ್ದರೆ ಸುಮಾರು 70 ಮೈಕ್ರೋಮೀಟರ್ ಉದ್ದಕ್ಕೆ ಅದು ತೆಳುವಾಗಿ ಉಳಿಯುತ್ತದೆ. ದಪ್ಪವನ್ನು 2 ಮೈಕ್ರೋಮೀಟರಿಗೆ ಇಳಿಸಿದರೆ ಆ ಉದ್ದ ಅರ್ಧವಾಗುವುದಿಲ್ಲ, ನಾಲ್ಕನೇ ಒಂದಾಗುತ್ತದೆ: ಸುಮಾರು 17 ಮೈಕ್ರೋಮೀಟರ್. ಅಂದರೆ ಹಲವು ಕೋಶಗಳ ಸಾಲಿಗೆ ಸಾಕಾಗುತ್ತಿದ್ದ ಹಾಳೆ ಒಂದೆರಡು ಕೋಶಕ್ಕಷ್ಟೇ ಸಾಕಾಗುತ್ತದೆ.

ಈ ಬಿಕ್ಕಟ್ಟಿನಿಂದ ಹೊರಬರಲು ನಡೆದ ಪ್ರಯತ್ನಗಳೇ ಈಚಿನ ವರ್ಷಗಳ ಮುಖ್ಯ ಬೆಳವಣಿಗೆಗಳು. ಎರಿಕ್ ಬೆಟ್ಜಿಗ್ ಅವರ ತಂಡ ಮೊದಲು, 2011ರಲ್ಲಿ, ‘ಬೆಸೆಲ್ ಕಿರಣ’ವನ್ನು ಬಳಸಿತು. ಇದು ದೂರದವರೆಗೂ ಹರಡದೆ ಸಣ್ಣದಾಗಿಯೇ ಸಾಗುತ್ತದೆ, ಆದರೆ ತನ್ನ ಸುತ್ತ ಬೆಳಕಿನ ಬಳೆಗಳನ್ನು ಹೊತ್ತು ತರುತ್ತದೆ. ಆ ಬಳೆಗಳು ಪಕ್ಕದ ಪದರಗಳಿಗೂ ತಾಗುತ್ತವೆ. 2014ರಲ್ಲಿ ಅದೇ ತಂಡವು ಇಂಥ ಅನೇಕ ಕಿರಣಗಳನ್ನು ಒಂದಕ್ಕೊಂದು ನಿಗದಿತ ಅಂತರದಲ್ಲಿ ಜೋಡಿಸಿ, ಒಂದರ ಬಳೆಯನ್ನು ಇನ್ನೊಂದರ ಬಳೆಯಿಂದ ಬಹುಪಾಲು ಅಳಿಸುವಂತೆ ಮಾಡಿತು. ‘ಜಾಲಕ ಬೆಳಕಿನ ಹಾಳೆ’ ಎಂದು ಇದನ್ನು ಕರೆಯಬಹುದು. ಅದೇ ವರ್ಷ ಬೆಟ್ಜಿಗ್ ಅವರಿಗೆ ನೊಬೆಲ್ ಬಂದದ್ದು ನಿಜ, ಆದರೆ ಅದು ಅತಿಸ್ಪಷ್ಟ ಪ್ರತಿದೀಪ್ತಿ ಸೂಕ್ಷ್ಮದರ್ಶನಕ್ಕೆ ಸಂದದ್ದೇ ಹೊರತು ಈ ಜಾಲಕಕ್ಕಲ್ಲ; ಕೆಲವು ಪತ್ರಗಳಲ್ಲಿ ಈ ಗೊಂದಲ ಕಂಡಿದ್ದರಿಂದ ಹೇಳುತ್ತಿದ್ದೇನೆ. ಜಾಗ್ರತೆಯಿಂದ ರೂಪಿಸಿದ ಸಾದಾ ಹಾಳೆಗಿಂತ ಜಾಲಕದ ಹಾಳೆ ಮೊದಲು ಅಂದುಕೊಂಡಷ್ಟು ಮುಂದಿಲ್ಲವೆಂದು ನಂತರದ ಹೋಲಿಕೆಗಳು ತೋರಿಸಿವೆ. ನನಗೆ ಹೆಚ್ಚು ಜಾಣತನದ್ದೆಂದು ತೋರುವ ದಾರಿ ಇನ್ನೊಂದು: ಚಿಕ್ಕದಾದರೂ ತೆಳುವಾದ ಹಾಳೆಯನ್ನೇ ಕಿರಣದ ದಿಕ್ಕಿನಲ್ಲಿ ಬೇಗ ಬೇಗ ಸರಿಸುತ್ತಾ, ಅದು ಎಲ್ಲಿದೆಯೋ ಅಲ್ಲಿನ ಕ್ಯಾಮೆರಾದ ಪಟ್ಟಿಯಷ್ಟೇ ಆ ಕ್ಷಣ ತೆರೆದಿರುವಂತೆ ಮಾಡುವುದು.

ಇನ್ನೊಂದು ಅಡ್ಡಿಯೆಂದರೆ ನೆರಳು. ಪಕ್ಕದಿಂದ ಬಂದ ಬೆಳಕಿಗೆ ಮೀನಿನ ಕಣ್ಣಿನಂಥ ಕಪ್ಪು ಭಾಗ ಎದುರಾದರೆ ಅದರ ಹಿಂದೆ ಉದ್ದನೆಯ ಪಟ್ಟೆಗಳು ಬೀಳುತ್ತವೆ. ಎರಡೂ ಬದಿಯಿಂದ ಬೆಳಗುವುದು, ಹಾಳೆಯನ್ನು ಅದರ ಸಮತಲದಲ್ಲೇ ವೇಗವಾಗಿ ಓಲಾಡಿಸುವುದು ಇದಕ್ಕೆ ಪರಿಹಾರ. ಆಳದ ಅಂಗಾಂಶ ಬೆಳಕನ್ನು ಅಡ್ಡಾದಿಡ್ಡಿ ಬಾಗಿಸುವ ದೋಷಕ್ಕೆ ಖಗೋಳವಿಜ್ಞಾನಿಗಳಿಂದ ಎರವಲು ತಂದ ಮದ್ದಿದೆ. ವಾತಾವರಣದಿಂದಾಗಿ ನಡುಗುವ ನಕ್ಷತ್ರದ ಚಿತ್ರವನ್ನು ಸರಿಪಡಿಸಲು ದೂರದರ್ಶಕಗಳಲ್ಲಿ ಬಳಸುವ, ಆಕಾರ ಬದಲಿಸುವ ಕನ್ನಡಿಗಳನ್ನೇ 2018ರಲ್ಲಿ ಜಾಲಕ ಹಾಳೆಯ ಸೂಕ್ಷ್ಮದರ್ಶಕಕ್ಕೆ ಜೋಡಿಸಿ, ಜೀವಂತ ಝೀಬ್ರಾಫಿಶ್‌ನ ಒಳಗಿರುವ ಕೋಶಗಳ ಸೂಕ್ಷ್ಮ ಭಾಗಗಳನ್ನು ಚಿತ್ರಿಸಿದರು.

ಪ್ರಶ್ನೆ: ಇದರಿಂದ ಇದುವರೆಗೆ ಏನನ್ನು ನೋಡಲು ಸಾಧ್ಯವಾಗಿದೆ?

ಉತ್ತರ: ಎಲ್ಲವನ್ನೂ ಹೇಳಲು ಜಾಗ ಸಾಲದು; ನನ್ನ ಮನಸ್ಸಿನಲ್ಲಿ ನಿಂತವನ್ನು ಹೇಳುತ್ತೇನೆ. 2008ರಲ್ಲಿ ಫಿಲಿಪ್ ಕೆಲ್ಲರ್ ಮತ್ತು ಸಂಗಡಿಗರು ಝೀಬ್ರಾಫಿಶ್ ಭ್ರೂಣದ ಮೊದಲ 24 ಗಂಟೆಗಳ ಬೆಳವಣಿಗೆಯಲ್ಲಿ ಕೋಶಕೇಂದ್ರಗಳು ಎಲ್ಲಿದ್ದವು, ಎಲ್ಲಿಗೆ ಸರಿದವು ಎಂಬುದನ್ನು ಇಡೀ ಭ್ರೂಣದ ಮಟ್ಟದಲ್ಲಿ ದಾಖಲಿಸಿದರು. ಅದರ ಚಲನಚಿತ್ರವನ್ನು ನೋಡುವಾಗ ಮೊದಲು ಒಂದೇ ತಾಳಕ್ಕೆ ಇಬ್ಭಾಗವಾಗುತ್ತಿದ್ದ ಕೋಶಗಳು ಕ್ರಮೇಣ ತಾಳ ತಪ್ಪಿ, ಮೊಟ್ಟೆಯ ಹಳದಿ ಭಾಗದ ಮೇಲೆ ಹೊದಿಕೆಯಂತೆ ಹರಡಿ, ಒಂದು ಕಡೆ ಸಾಲುಗಟ್ಟಿ ದೇಹದ ನಡುರೇಖೆಯಾಗುವುದು ಕಾಣುತ್ತದೆ. ಪಠ್ಯಪುಸ್ತಕದಲ್ಲಿ ನಾಲ್ಕು ಸ್ಥಿರಚಿತ್ರಗಳಾಗಿ ಓದಿದ್ದು ಅಲ್ಲಿ ಒಂದೇ ಹರಿವಾಗಿದೆ.

2013ರಲ್ಲಿ ಮಿಶಾ ಆರೆನ್ಸ್ ಮತ್ತು ಕೆಲ್ಲರ್, ಅಮೆರಿಕದ ಜನೇಲಿಯಾ ಸಂಶೋಧನಾ ಕೇಂದ್ರದಲ್ಲಿ, ಝೀಬ್ರಾಫಿಶ್ ಮರಿಯ ಇಡೀ ಮಿದುಳಿನ ಚಟುವಟಿಕೆಯನ್ನು ದಾಖಲಿಸಿದರು. ಸುಮಾರು ಒಂದು ಲಕ್ಷ ನರಕೋಶಗಳಿರುವ ಆ ಮಿದುಳಿನಲ್ಲಿ ಶೇಕಡ 80ಕ್ಕೂ ಹೆಚ್ಚಿನ ಕೋಶಗಳು ಒಂದೊಂದಾಗಿ ಗುರುತಿಸಲು ಬರುವಂತೆ, ಸುಮಾರು 1.3 ಸೆಕೆಂಡಿಗೊಮ್ಮೆ ಪೂರ್ಣ ಮಿದುಳಿನ ಚಿತ್ರ ದೊರೆಯಿತು. ನರಕೋಶ ಚುರುಕಾದಾಗ ಅದರೊಳಗೆ ಕ್ಯಾಲ್ಸಿಯಂ ಏರುತ್ತದೆ; ಆ ಏರಿಕೆಗೆ ಹೊಳೆಯುವ ಪ್ರೋಟೀನನ್ನು ಅವರು ಬಳಸಿದ್ದರು. ಇಂಥ ಪ್ರಯೋಗಗಳಲ್ಲಿ ನೀಲಿ ಲೇಸರನ್ನು ಮೀನೂ ನೋಡುತ್ತದೆಂಬ ತೊಡಕಿದೆ. ಕಣ್ಣಿನ ಮೇಲೆ ಹಾಯುವಾಗ ಲೇಸರನ್ನು ಆರಿಸುವುದು, ಮೀನಿಗೆ ಕಾಣದ ಅವಗೆಂಪು ಬೆಳಕನ್ನು ಬಳಸುವುದು ಮುಂತಾದ ಉಪಾಯಗಳು ಆ ಕಾರಣಕ್ಕೇ ಹುಟ್ಟಿದವು.

ಇಲಿಯ ಭ್ರೂಣ ಇನ್ನೂ ಕಷ್ಟದ್ದು. ಅದು ಬೆಳಕಿಗೆ ಬಹಳ ಸೂಕ್ಷ್ಮ. ತಾಯಿಯ ಒಡಲಿನ ಹೊರಗೆ 37 ಡಿಗ್ರಿ ಉಷ್ಣತೆಯಲ್ಲಿ, ಸರಿಯಾದ ಅನಿಲಗಳ ನಡುವೆ ಅದನ್ನು ಉಳಿಸಿಕೊಳ್ಳಬೇಕು. ಅದು ಬೆಳೆಯುತ್ತಾ ಜಾಗ ಬದಲಿಸುತ್ತದೆ. 2018ರಲ್ಲಿ ಕೇಟ್ ಮೆಕ್‌ಡೋಲ್, ಕೆಲ್ಲರ್ ಮೊದಲಾದವರು ಭ್ರೂಣದ ಗಾತ್ರ ಮತ್ತು ಸ್ಥಾನ ಬದಲಾದಂತೆ ತನ್ನ ಹಾಳೆಯನ್ನು ತಾನೇ ಹೊಂದಿಸಿಕೊಳ್ಳುವ ಉಪಕರಣವನ್ನು ಕಟ್ಟಿ, ಅಂಗಗಳು ಮೂಡಲಾರಂಭಿಸುವ ಎರಡು ದಿನಗಳನ್ನು ಕೋಶದ ಮಟ್ಟದಲ್ಲಿ ಚಿತ್ರಿಸಿದರು. ಮನುಷ್ಯ ಎಚ್ಚರವಿದ್ದು ಮಾಡಲಾಗದ ಕೆಲಸವನ್ನು ಯಂತ್ರಕ್ಕೆ ವಹಿಸಿದ್ದೇ ಅಲ್ಲಿಯ ನಿಜವಾದ ಮುನ್ನಡೆ.

ಪ್ರಶ್ನೆ: ಮನುಷ್ಯನ ದೇಹದೊಳಗೆ ನೋಡಲು ಇದನ್ನು ಬಳಸಬಹುದೇ?

ಉತ್ತರ: ಸ್ಕ್ಯಾನ್‌ನಂತೆ ದೇಹದೊಳಗೆ ನೋಡಲಾಗದು. ನಮ್ಮ ಅಂಗಾಂಶ ಬೆಳಕನ್ನು ಚದುರಿಸುವುದರಿಂದ ಹಾಳೆ ಸ್ವಲ್ಪ ಆಳದಲ್ಲೇ ಕದಡಿಹೋಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಣುಕುಗಳನ್ನೋ ತಟ್ಟೆಯಲ್ಲಿ ಬೆಳೆಸಿದ ಪುಟ್ಟ ಅಂಗಕಗಳನ್ನೋ ಪರೀಕ್ಷಿಸಲು ಇದು ಉಪಯುಕ್ತ.

ಪ್ರಶ್ನೆ: ಮಸುಕಾದ ಚಿತ್ರವನ್ನು ಕೃತಕ ಬುದ್ಧಿಮತ್ತೆ ಸರಿಪಡಿಸುತ್ತದಂತೆ. ಅದನ್ನು ನಂಬಬಹುದೇ?

ಉತ್ತರ: ಪ್ರಶ್ನೆಯ ಹಿಂದಿರುವ ಅನುಮಾನ ಸರಿಯಾಗಿದೆ. ಮೊದಲು ಹಿನ್ನೆಲೆಯನ್ನು ಹೇಳಬೇಕು. 2048ಕ್ಕೆ 2048 ಬಿಂದುಗಳ ಕ್ಯಾಮೆರಾ, ಬಿಂದುವಿಗೆ ಎರಡು ಬೈಟ್‌ನಂತೆ, ಸೆಕೆಂಡಿಗೆ 100 ಚಿತ್ರ ತೆಗೆದರೆ ಗಂಟೆಗೆ ಸುಮಾರು 3 ಟೆರಾಬೈಟ್ ದತ್ತಾಂಶ ರಾಶಿ ಬೀಳುತ್ತದೆ. ಅಷ್ಟನ್ನು ಮನುಷ್ಯರು ಕುಳಿತು ನೋಡಲಾರರು. ಕೋಶಗಳನ್ನು ಗುರುತಿಸಿ ಹಿಂಬಾಲಿಸುವ ಕೆಲಸ ಗಣಕಕ್ಕೆ ಅನಿವಾರ್ಯ. ಅದರ ಜೊತೆಗೆ 2018ರಲ್ಲಿ ಡ್ರೆಸ್ಡೆನ್‌ನ ಸಂಶೋಧಕರು ತೋರಿಸಿದ ವಿಧಾನವೊಂದಿದೆ: ಒಂದೇ ಮಾದರಿಯನ್ನು ಮಂದ ಬೆಳಕಿನಲ್ಲೂ ಸಾಕಷ್ಟು ಬೆಳಕಿನಲ್ಲೂ ಚಿತ್ರಿಸಿ, ಆ ಜೋಡಿಗಳಿಂದ ‘ನರಜಾಲ’ವೆಂಬ, ಉದಾಹರಣೆಗಳಿಂದ ಕಲಿಯುವ ಗಣಕದ ತಂತ್ರಾಂಶವನ್ನು ತರಬೇತುಗೊಳಿಸಿದರೆ, ಅನಂತರ ಮಂದ ಬೆಳಕಿನ ಚಿತ್ರದಿಂದಲೇ ಅದು ಸ್ಪಷ್ಟ ಚಿತ್ರವನ್ನು ಊಹಿಸಿಕೊಡುತ್ತದೆ. ಜೀವಿಯ ಮೇಲೆ ಬೀಳುವ ಬೆಳಕು ಹಲವು ಪಟ್ಟು ಕಡಿಮೆಯಾಗುವುದರಿಂದ ನಾನು ಇದನ್ನು ಮನಸಾರೆ ಮೆಚ್ಚುತ್ತೇನೆ.

ಆದರೆ ‘ಊಹೆ’ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ತರಬೇತಿಯಲ್ಲಿ ಎಂದೂ ಕಾಣದ ರಚನೆ ಎದುರಾದರೆ ಜಾಲವು ತನಗೆ ಗೊತ್ತಿರುವ ರಚನೆಯನ್ನು ಅಲ್ಲಿ ಬರೆದುಬಿಡಬಹುದು. ವಿಜ್ಞಾನಿ ಹುಡುಕುತ್ತಿರುವುದು ಹಿಂದೆ ಯಾರೂ ಕಾಣದ್ದನ್ನೇ ಆದ್ದರಿಂದ ಈ ಅಪಾಯ ಸಣ್ಣದಲ್ಲ. ಕೋಶ ಎಲ್ಲಿದೆ ಎಂದು ಎಣಿಸುವುದಕ್ಕೆ ಸುಧಾರಿತ ಚಿತ್ರವನ್ನು ಬಳಸಲಿ. ಹೊಳಪು ಎಷ್ಟಿದೆ ಎಂದು ಅಳೆಯುವುದಕ್ಕೆ ಮೂಲ ಚಿತ್ರಕ್ಕೇ ಹೋಗಬೇಕು, ಮತ್ತು ಆ ಮೂಲವನ್ನು ಅಳಿಸದೆ ಇಟ್ಟಿರಬೇಕು.

ಪ್ರಶ್ನೆ: ನಾವು ಭೌತವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳು. ಇಂಥ ಸೂಕ್ಷ್ಮದರ್ಶಕವನ್ನು ನಾವೇ ಕಟ್ಟಬಹುದೇ?

ಉತ್ತರ: ಖಂಡಿತ. 2013ರಲ್ಲಿ ಪ್ರಕಟವಾದ ‘ಓಪನ್‌ಸ್ಪಿಮ್’ ಯೋಜನೆ ಬಿಡಿಭಾಗಗಳ ಪಟ್ಟಿ, ನಕ್ಷೆ, ತಂತ್ರಾಂಶ ಎಲ್ಲವನ್ನೂ ಮುಕ್ತವಾಗಿ ಕೊಟ್ಟಿದೆ. ಒಂದು ಲೇಸರ್, ಕಿರಣವನ್ನು ಒಂದೇ ದಿಕ್ಕಿನಲ್ಲಿ ಕೂಡಿಸುವ ಸಿಲಿಂಡರ್ ಮಸೂರ, ನೀರಿನಲ್ಲಿ ಮುಳುಗಿಸಬಹುದಾದ ಎರಡು ವಸ್ತುಕ ಮಸೂರಗಳು, ಶೋಧಕ, ಕ್ಯಾಮೆರಾ ಮತ್ತು ಮಾದರಿಯನ್ನು ಸರಿಸುವ ಮೋಟಾರು ಇದರ ಮುಖ್ಯ ಅಂಗಗಳು. ಲೇಸರಿಗೆ ತಕ್ಕ ರಕ್ಷಣಾ ಕನ್ನಡಕವಿಲ್ಲದೆ ಜೋಡಣೆಗೆ ಕೈಹಾಕಬೇಡಿ.

ಮೊದಲ ಮಾದರಿಯಾಗಿ ಭ್ರೂಣವನ್ನು ಇಡಬೇಡಿ. ಪ್ರತಿದೀಪ್ತ ಮಣಿಗಳನ್ನು ಅಗರೋಸಿನಲ್ಲಿ ಬೆರೆಸಿ, ಅವು ಚಿತ್ರದ ನಡುವೆಯೂ ಅಂಚಿನಲ್ಲೂ ಒಂದೇ ರೀತಿ ಕಾಣುವವರೆಗೆ ಹಾಳೆಯನ್ನು ಹೊಂದಿಸಿ. ಹಾಳೆ ಮತ್ತು ಮಸೂರದ ಸ್ಪಷ್ಟತಲ ಒಂದಕ್ಕೊಂದು ಕೂಡದಿದ್ದರೆ ಉಳಿದ ಶ್ರಮವೆಲ್ಲ ವ್ಯರ್ಥ. ಆಮೇಲೆ ಜೀವಂತ ಭ್ರೂಣಕ್ಕೆ ಬನ್ನಿ. ಅದನ್ನು ಕೋಷ್ಠಕ್ಕೆ ಇಳಿಸುವ ಹೊತ್ತಿಗೆ ಅದೇ ತಂಡದ ಎರಡು ಒಡಹುಟ್ಟುಗಳನ್ನು ಬೇರೆ ಇರಿಸಿ: ಒಂದನ್ನು ಅದೇ ಅಗರೋಸಿನಲ್ಲಿ, ಅದೇ ಉಷ್ಣತೆಯಲ್ಲಿ, ಲೇಸರ್ ಇಲ್ಲದೆ, ಇನ್ನೊಂದನ್ನು ಅಗರೋಸೂ ಇಲ್ಲದೆ ಬರಿಯ ನೀರಿನ ತಟ್ಟೆಯಲ್ಲಿ. ಮರುದಿನ ಮೂರರ ಉದ್ದವನ್ನೂ ಹೃದಯ ಬಡಿತವನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿ. ಚಿತ್ರಿಸಿದ ಭ್ರೂಣ ಉಳಿದೆರಡರಿಂದ ಹಿಂದೆ ಬಿದ್ದಿದ್ದರೆ ಲೇಸರನ್ನು ಇನ್ನೂ ತಗ್ಗಿಸಿ ಮತ್ತೆ ಮೊದಲಿನಿಂದ ಆರಂಭಿಸಿ.